ಹೊಲದಡಿಯ ಗ್ಯಾಸಿಗೆ ಯೂರೋಪಿನ ಚಳಿ: ಯಲಹಂಕ ವಿದ್ಯುತ್ ಸ್ಥಾವರದ ಹಿಂದಿನ ಕತೆ

ಬೆಳಗಾವಿ, ಧಾರವಾಡ, ಗದಗ, ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ರಾಮನಗರ. ಈ ಜಿಲ್ಲೆಗಳ ಹೊಲಗಳಲ್ಲಿ ಓಡಾಡಿದವರು ಬದುವಿನ ಪಕ್ಕ ಗೇಲ್ ಕಂಪನಿಯ ಗುರುತಿನ ಕಂಬಗಳನ್ನು ಕಂಡಿರುತ್ತೀರಿ. ಕೆಳಗೆ ಗ್ಯಾಸ್ ಪೈಪ್ ಇದೆ, ಅಗೆಯಬಾರದು ಎಂದು ಎಚ್ಚರಿಸುವ ಕಂಬಗಳು ಅವು. ಮಹಾರಾಷ್ಟ್ರದ ಕಡಲತಡಿಯ ದಾಭೋಲ್‌ನಿಂದ ಬೆಂಗಳೂರಿಗೆ ಬರುವ, ಕವಲುಗಳೂ ಸೇರಿ ಸುಮಾರು ಸಾವಿರ ಕಿಲೋಮೀಟರ್ ಉದ್ದದ ಪೈಪ್‌ಲೈನ್ ಅದು.

ಆ ಪೈಪಿನ ಗ್ಯಾಸ್ ಏನಾಗುತ್ತದೆ? ಒಂದಷ್ಟು ಕಾರ್ಖಾನೆಗಳಿಗೆ ಹೋಗುತ್ತದೆ. ಒಂದಷ್ಟು ಬೆಂಗಳೂರಿನ ಅಡುಗೆಮನೆಗಳಿಗೆ, ಸಿಎನ್‌ಜಿ ಬಂಕ್‌ಗಳಿಗೆ ಹೋಗುತ್ತದೆ. ಇನ್ನೊಂದು ದೊಡ್ಡ ಬಾಯಿ ಉತ್ತರ ಬೆಂಗಳೂರಿನ ಯಲಹಂಕದಲ್ಲಿದೆ. ಅದು ಕರ್ನಾಟಕ ವಿದ್ಯುತ್ ನಿಗಮದ, ಅಂದರೆ ಕೆಪಿಸಿಯ, 370 ಮೆಗಾವ್ಯಾಟ್ ಗ್ಯಾಸ್ ವಿದ್ಯುತ್ ಸ್ಥಾವರ. ರಾಜ್ಯದ ಮೊದಲ ಗ್ಯಾಸ್ ಆಧಾರಿತ ಸ್ಥಾವರವೂ ಇದೇ.

ಪೈಪ್ ನಮ್ಮ ಹೊಲದ ಅಡಿಯಲ್ಲಿದೆ, ಸ್ಥಾವರ ನಮ್ಮ ಸರ್ಕಾರದ್ದು. ಆದರೂ ಆ ಗ್ಯಾಸಿನ ಬೆಲೆ 2021-22 ಮತ್ತು 2022-23ರ ಚಳಿಗಾಲಗಳಲ್ಲಿ ನಿಗದಿಯಾದದ್ದು ಜರ್ಮನಿ, ಬ್ರಿಟನ್, ನೆದರ್‌ಲ್ಯಾಂಡ್ಸ್‌ಗಳ ಮಾರುಕಟ್ಟೆಯಲ್ಲಿ. ಅದು ಹೇಗಾಯಿತು, ಹಳ್ಳಿಯಲ್ಲಿ ಕರೆಂಟ್ ಬಿಲ್ ಕಟ್ಟುವ ನಮಗೂ ನಿಮಗೂ ಅದರಿಂದ ಏನು ಎಂಬುದನ್ನು ಈ ಬರಹದಲ್ಲಿ ಮೊದಲಿನಿಂದ ಹೇಳುತ್ತೇವೆ.

ಮೊದಲು ಒಂದು ಗೊಂದಲ ಬಿಡಿಸೋಣ

ಮನೆಗೆ ಬರುವ ಕೆಂಪು ಸಿಲಿಂಡರ್‌ನ ಗ್ಯಾಸ್ ಬೇರೆ, ಈ ಪೈಪಿನ ಗ್ಯಾಸ್ ಬೇರೆ.

ಸಿಲಿಂಡರ್‌ನಲ್ಲಿರುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್. ಸ್ವಲ್ಪ ಒತ್ತಡ ಕೊಟ್ಟರೆ ಸಾಕು, ದ್ರವವಾಗಿ ಸಿಲಿಂಡರ್‌ನಲ್ಲಿ ಕೂರುತ್ತದೆ. ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ. ಅದರಲ್ಲಿ ಬಹುಪಾಲು ಮೀಥೇನ್. ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಮೀಥೇನೇ. ಇದು ಗಾಳಿಗಿಂತ ಹಗುರ. ಇದನ್ನು ದ್ರವ ಮಾಡಬೇಕಾದರೆ ಸೊನ್ನೆಗಿಂತ 160 ಡಿಗ್ರಿಯಷ್ಟು ಕೆಳಗೆ ತಣ್ಣಗಾಗಿಸಬೇಕು. ಹಾಗೆ ತಣ್ಣಗಾಗಿಸಿ ಹಡಗಿನಲ್ಲಿ ತರುವುದಕ್ಕೆ ಎಲ್‌ಎನ್‌ಜಿ ಎನ್ನುತ್ತಾರೆ. ಬಂದರಿನಲ್ಲಿ ಮತ್ತೆ ಬಿಸಿ ಮಾಡಿ ಅನಿಲವಾಗಿಸಿ ಪೈಪಿಗೆ ಬಿಡುತ್ತಾರೆ. ಅದನ್ನೇ ಒತ್ತಿ ವಾಹನಕ್ಕೆ ತುಂಬಿದರೆ ಸಿಎನ್‌ಜಿ.

ಇದನ್ನು ಅಳೆಯುವ ಲೆಕ್ಕ ಎಂಎಂಬಿಟಿಯು. ಹೆಸರು ಕಷ್ಟ, ಅರ್ಥ ಸುಲಭ: ಅದು ಶಾಖದ ಅಳತೆ. ಒಂದೂವರೆ ಅಡುಗೆ ಸಿಲಿಂಡರ್ ಪೂರ್ತಿ ಉರಿದರೆ ಬರುವಷ್ಟು ಶಾಖ ಒಂದು ಎಂಎಂಬಿಟಿಯು. ಜಗತ್ತಿನ ಬಹಳಷ್ಟು ಕಡೆ ಇದನ್ನು ಡಾಲರ್‌ನಲ್ಲಿ ಮಾರುತ್ತಾರೆ. ಮುಂದೆ ಬರುವ ಬೆಲೆಗಳೆಲ್ಲ ಒಂದು ಎಂಎಂಬಿಟಿಯುಗೆ ಎಷ್ಟು ಡಾಲರ್ ಎಂಬ ಲೆಕ್ಕದಲ್ಲಿವೆ.

ಯಲಹಂಕದಲ್ಲಿ ಮೊದಲು ಇದ್ದದ್ದು ಡೀಸೆಲ್

ಗ್ಯಾಸ್ ಸ್ಥಾವರ ಎದ್ದದ್ದು ಖಾಲಿ ನೆಲದಲ್ಲಲ್ಲ. 1990ರ ದಶಕದ ಆರಂಭದಲ್ಲಿ ಕೆಪಿಸಿ ಯಲಹಂಕದಲ್ಲಿ ಡೀಸೆಲ್ ವಿದ್ಯುತ್ ಸ್ಥಾವರ ಕಟ್ಟಿತ್ತು. ತಲಾ 21.32 ಮೆಗಾವ್ಯಾಟ್‌ನ ಆರು ಯಂತ್ರಗಳು, ಒಟ್ಟು ಸುಮಾರು 128 ಮೆಗಾವ್ಯಾಟ್.

ಯಾಕೆ ಕಟ್ಟಿದರು ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಆಗ ಕರ್ನಾಟಕದ ಕರೆಂಟ್ ಎಂದರೆ ಮುಖ್ಯವಾಗಿ ನೀರು. ಶಿವನಸಮುದ್ರದಿಂದ 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆಮೇಲೆ ಜೋಗ, ಶರಾವತಿ, ಕಾಳಿ. ಮಳೆ ಚೆನ್ನಾಗಿ ಬಿದ್ದ ವರ್ಷ ದೀಪ ಉರಿಯುತ್ತಿತ್ತು, ಕೈಕೊಟ್ಟ ವರ್ಷ ಪವರ್ ಕಟ್. ರಾಯಚೂರಿನ ಕಲ್ಲಿದ್ದಲು ಸ್ಥಾವರ 1985ರಲ್ಲಿ ಶುರುವಾದರೂ ಬೇಡಿಕೆ ಅದಕ್ಕಿಂತ ವೇಗವಾಗಿ ಬೆಳೆಯಿತು. ಬೇಗ ಕಟ್ಟಬಹುದಾದದ್ದು ಡೀಸೆಲ್ ಯಂತ್ರ. ಆದ್ದರಿಂದ ಯಲಹಂಕದಲ್ಲಿ ಅದು ಬಂತು.

ಕಟ್ಟುವುದು ಸುಲಭ, ಓಡಿಸುವುದು ದುಬಾರಿ. ಎಣ್ಣೆಯ ಬೆಲೆ ಏರಿದಂತೆ ಅಲ್ಲಿ ತಯಾರಾಗುವ ಪ್ರತಿ ಯೂನಿಟ್ಟೂ ದುಬಾರಿಯಾಯಿತು. ಬೇರೆ ದಾರಿ ಇಲ್ಲದ ದಿನಗಳಲ್ಲಿ ಓಡಿಸುವುದು, ಉಳಿದ ದಿನ ನಿಲ್ಲಿಸುವುದು ಎನ್ನುವಂತಾಯಿತು. ಕೊನೆಗೆ ಅದನ್ನು ಮುಚ್ಚಿದರು.

ಇದೇ ಕತೆ ಕರಾವಳಿಯಲ್ಲೂ ನಡೆಯಿತು. ಮಂಗಳೂರಿನ ತಣ್ಣೀರುಬಾವಿಯಲ್ಲಿ 2001ರಲ್ಲಿ ಜಿಎಂಆರ್ ಕಂಪನಿಯ 220 ಮೆಗಾವ್ಯಾಟ್ ಸ್ಥಾವರ ಶುರುವಾಯಿತು. ಅದು ನೆಲದ ಮೇಲಿರಲಿಲ್ಲ, ತೇಲುವ ಬಾರ್ಜ್ ಮೇಲಿತ್ತು! ಉರಿಸುತ್ತಿದ್ದದ್ದು ನಾಫ್ತಾ. ನಾಫ್ತಾ ಕೂಡ ಎಣ್ಣೆಯ ಮಗುವೇ, ಬೆಲೆಯೂ ಎಣ್ಣೆಯ ಹಿಂದೆಯೇ ಏರುವುದು. ರಾಜ್ಯದ ಜೊತೆಗಿನ ಏಳು ವರ್ಷದ ಒಪ್ಪಂದ ಮುಗಿದ ಮೇಲೆ, ಅಗ್ಗದ ಗ್ಯಾಸ್ ಸಿಗುತ್ತದೆಂದು ಆ ಬಾರ್ಜನ್ನು 2010ರಲ್ಲಿ ಸಮುದ್ರದಲ್ಲಿ ಎಳೆದುಕೊಂಡು ಆಂಧ್ರದ ಕಾಕಿನಾಡಕ್ಕೆ ಒಯ್ದರು.

ಆಗ ಎಲ್ಲರ ಬಾಯಲ್ಲೂ ಕೃಷ್ಣಾ-ಗೋದಾವರಿ ಕೊಳ್ಳದ ಗ್ಯಾಸೇ ಇತ್ತು. 2009ರಲ್ಲಿ ಅಲ್ಲಿನ ಡಿ6 ನಿಕ್ಷೇಪದಿಂದ ಗ್ಯಾಸ್ ಬರಲು ಶುರುವಾಗಿತ್ತು. ಅದನ್ನೇ ನಂಬಿ ದೇಶದಲ್ಲಿ ಹಲವು ಗ್ಯಾಸ್ ಸ್ಥಾವರಗಳು ಎದ್ದವು. ಆದರೆ 2010ರ ನಂತರ ಅಲ್ಲಿನ ಉತ್ಪಾದನೆ ಬಿರಬಿರನೆ ಕುಸಿಯಿತು. ಕಾಕಿನಾಡಕ್ಕೆ ಹೋದ ಬಾರ್ಜೂ ಗ್ಯಾಸಿಲ್ಲದೆ ನಿಂತಿತು. 2024ರ ಹೊತ್ತಿಗೆ ದೇಶದಲ್ಲಿ ಹತ್ತಿರ ಹತ್ತಿರ 25,000 ಮೆಗಾವ್ಯಾಟ್ ಗ್ಯಾಸ್ ಸ್ಥಾವರಗಳಿದ್ದವು. ಅವುಗಳಲ್ಲಿ ಹೆಚ್ಚಿನವು ವರ್ಷದ ಬಹುಪಾಲು ಸುಮ್ಮನೆ ನಿಂತಿರುತ್ತಿದ್ದವು.

ದಾಭೋಲ್‌ನಿಂದ ಬಂದ ಪೈಪ್

ದಾಭೋಲ್ ಎಂದರೆ ಹಳಬರಿಗೆ ಎನ್ರಾನ್ ನೆನಪಾಗುತ್ತದೆ. ಅಮೆರಿಕದ ಎನ್ರಾನ್ ಕಂಪನಿ 1992ರಲ್ಲಿ ಮಹಾರಾಷ್ಟ್ರದ ಜೊತೆ ಮಾತುಕತೆ ಶುರು ಮಾಡಿ ಅಲ್ಲಿ ವಿದ್ಯುತ್ ಸ್ಥಾವರ ಕಟ್ಟಿತು. 1999ರಲ್ಲಿ ಮೊದಲ ಹಂತ ಶುರುವಾಯಿತು. ಕರೆಂಟ್ ಎಷ್ಟು ದುಬಾರಿಯೆಂದರೆ 2001ರಲ್ಲಿ ಮಹಾರಾಷ್ಟ್ರ ವಿದ್ಯುತ್ ಮಂಡಳಿ ಕೊಳ್ಳುವುದನ್ನೇ ನಿಲ್ಲಿಸಿತು. ಅದೇ ವರ್ಷ ಅಮೆರಿಕದಲ್ಲಿ ಎನ್ರಾನ್ ದಿವಾಳಿಯಾಯಿತು. 2005ರಲ್ಲಿ ಎನ್‌ಟಿಪಿಸಿ, ಗೇಲ್ ಮುಂತಾದವು ಸೇರಿ ಹೊಸ ಕಂಪನಿ ಮಾಡಿ ಆ ಆಸ್ತಿಯನ್ನು ವಹಿಸಿಕೊಂಡವು. ಅರ್ಧಕ್ಕೆ ನಿಂತಿದ್ದ ಎಲ್‌ಎನ್‌ಜಿ ಬಂದರನ್ನು ಮುಗಿಸಿ 2013ರಲ್ಲಿ ಮೊದಲ ಹಡಗು ತರಿಸಿದವು.

ಅದೇ ವರ್ಷ ದಾಭೋಲ್-ಬೆಂಗಳೂರು ಪೈಪ್‌ಲೈನ್ ಕೂಡ ಚಾಲೂ ಆಯಿತು. ದಿನಕ್ಕೆ 1.6 ಕೋಟಿ ಘನ ಮೀಟರ್ ಗ್ಯಾಸ್ ಸಾಗಿಸುವ ಸಾಮರ್ಥ್ಯ. ಆಗ ಕೇಂದ್ರದ ಪೆಟ್ರೋಲಿಯಂ ಮಂತ್ರಿಯಾಗಿದ್ದವರು ವೀರಪ್ಪ ಮೊಯ್ಲಿ. ಅವರ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲೇ ಯಲಹಂಕವೂ ಸೇರಿತ್ತು. ಈ ಪೈಪ್ ನಂಬಿಕೊಂಡು ಬಿಡದಿಯಲ್ಲಿ ದೊಡ್ಡ ಗ್ಯಾಸ್ ಸ್ಥಾವರ ಕಟ್ಟುವ ಯೋಜನೆಯೂ ಕೆಪಿಸಿಗಿತ್ತು. ಅದು ಕಾಗದದಲ್ಲೇ ಉಳಿಯಿತು. ಕಟ್ಟಡವಾಗಿ ಎದ್ದದ್ದು ಯಲಹಂಕ ಮಾತ್ರ.

ದಾಭೋಲ್ ಬಂದರಿಗೆ ಇನ್ನೊಂದು ಕೊರತೆ ಬಹುಕಾಲ ಕಾಡಿತು. ಅಲೆ ತಡೆಯುವ ಗೋಡೆ ಪೂರ್ತಿಯಾಗಿರದಿದ್ದರಿಂದ ಮಳೆಗಾಲದಲ್ಲಿ ಹಡಗು ಹತ್ತಿರ ಬರುವಂತಿರಲಿಲ್ಲ. ಆ ತಿಂಗಳುಗಳಲ್ಲಿ ಗುಜರಾತಿನ ದಹೇಜ್‌ನಿಂದ ಇನ್ನೊಂದು ಪೈಪ್ ಮೂಲಕ ಗ್ಯಾಸ್ ದಾಭೋಲ್‌ಗೆ ಬಂದು, ಅಲ್ಲಿಂದ ನಮ್ಮ ಕಡೆ ಹರಿಯಬೇಕಿತ್ತು.

ದಕ್ಷಿಣದಿಂದಲೂ ಬೆಂಗಳೂರಿಗೆ ಒಂದು ಪೈಪ್ ಬರಬೇಕಿತ್ತು. ಕೊಚ್ಚಿಯಿಂದ ಕಾಸರಗೋಡಿನ ಮೂಲಕ ಮಂಗಳೂರಿಗೆ ಬರುವ 450 ಕಿಲೋಮೀಟರ್ ಪೈಪ್ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಅದೇ ಯೋಜನೆಯ ಬೆಂಗಳೂರು ಕವಲು ತಮಿಳುನಾಡಿನ ಕೊಯಮತ್ತೂರು, ಸೇಲಂ, ಕೃಷ್ಣಗಿರಿ ಕಡೆಯ ಹೊಲಗಳ ಮೂಲಕ ಬರಬೇಕಿತ್ತು. ಅಲ್ಲಿನ ರೈತರು ಹೊಲದ ಮಧ್ಯೆ ಬೇಡ, ಹೆದ್ದಾರಿ ಬದಿಯಲ್ಲಿ ಹಾಕಿ ಎಂದು ಪಟ್ಟು ಹಿಡಿದರು. ತಮಿಳುನಾಡು ಸರ್ಕಾರವೂ ಅವರ ಪರ ನಿಂತಿತು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಗೇಲ್ ಪರ ತೀರ್ಪು ಕೊಟ್ಟರೂ ಕೆಲಸ ವರ್ಷಗಟ್ಟಲೆ ಎಳೆಯಿತು.

ರೈತರ ಹೆದರಿಕೆಗೆ ಕಾರಣವಿತ್ತು. 2014ರ ಜೂನ್ 27ರಂದು ಆಂಧ್ರದ ನಗರಂ ಹಳ್ಳಿಯಲ್ಲಿ ಗ್ಯಾಸ್ ಪೈಪ್ ಸ್ಫೋಟಗೊಂಡು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು.

ಪೈಪಿನ ಮೇಲಿನ ನೆಲ ಯಾರದ್ದು?

ಇಲ್ಲಿ ಒಂದು ಕಾನೂನಿನ ವಿಷಯ ಹೇಳಲೇಬೇಕು. ಪೈಪ್ ಹೋದ ಜಮೀನು ಸ್ವಾಧೀನ ಆಗುವುದಿಲ್ಲ. 1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಸರ್ಕಾರ ಪಡೆಯುವುದು ಬಳಕೆಯ ಹಕ್ಕನ್ನು ಮಾತ್ರ. ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ. ರಾಗಿ, ಜೋಳ, ಶೇಂಗಾ ಬೆಳೆಯಬಹುದು. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಕೆರೆ-ಕಟ್ಟೆ ಮಾಡುವಂತಿಲ್ಲ, ಮರ ನೆಡುವಂತಿಲ್ಲ. ಅಡಿಕೆ, ತೆಂಗು, ಮಾವು ಎಲ್ಲಕ್ಕೂ ಅದು ಅನ್ವಯ. ಪರಿಹಾರವಾಗಿ ಕಾಯ್ದೆ ಹೇಳುವುದು ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡಾ 10, ಜೊತೆಗೆ ಬೆಳೆ-ಮರ ಹಾಳಾದದ್ದಕ್ಕೆ ಬೇರೆ ಹಣ. ಒಂದೇ ಸಲ. ಆಮೇಲೆ ಪೈಪಿನಲ್ಲಿ ಎಷ್ಟು ಗ್ಯಾಸ್ ಹರಿದರೂ, ಅದರ ಬೆಲೆ ಎಷ್ಟು ಏರಿದರೂ ಮೇಲಿನ ನೆಲದವನಿಗೆ ಏನೂ ಬರುವುದಿಲ್ಲ.

ಹೋಲಿಕೆಗೆ ತುಮಕೂರು ಜಿಲ್ಲೆಯ ಪಾವಗಡ ನೋಡಿ. ಅಲ್ಲಿನ ಸೋಲಾರ್ ಪಾರ್ಕಿಗೆ ರೈತರು ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಆ ದರ ಸಾಲದು ಎಂಬ ದೂರು ಅಲ್ಲಿದೆ, ಕೂಲಿಕಾರರಿಗೆ ಕೆಲಸ ಹೋಯಿತು ಎಂಬ ದೂರೂ ಇದೆ. ಆದರೂ ವರ್ಷ ವರ್ಷ ಬರುವ ಹಣ ಒಂದಿದೆ. ಪೈಪ್ ಹೋದ ಹೊಲಕ್ಕೆ ಅದಿಲ್ಲ.

ಯೂರೋಪಿನ ಹಗೇವು ಬರಿದಾದಾಗ

ಈಗ ಚಳಿಗಾಲದ ಕತೆಗೆ ಬರೋಣ.

ಯೂರೋಪಿನವರು ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಗ್ಯಾಸ್ ಉರಿಸುತ್ತಾರೆ. ನಮ್ಮಲ್ಲಿ ಹಿಂದೆ ಸುಗ್ಗಿ ಮುಗಿದ ಮೇಲೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಅವರು ಬೇಸಿಗೆಯಲ್ಲಿ ಗ್ಯಾಸನ್ನು ನೆಲದೊಳಗೆ, ಹಳೆಯ ಗ್ಯಾಸ್ ಬಾವಿಗಳಲ್ಲಿ, ಉಪ್ಪಿನ ಗುಹೆಗಳಲ್ಲಿ ತುಂಬಿಡುತ್ತಾರೆ. ಚಳಿಗಾಲದಲ್ಲಿ ತೆಗೆದು ಉರಿಸುತ್ತಾರೆ.

2020ರಲ್ಲಿ ಕೋವಿಡ್ ಬಂದು ಜಗತ್ತು ನಿಂತಾಗ ಗ್ಯಾಸನ್ನು ಕೇಳುವವರೇ ಇರಲಿಲ್ಲ. ಏಷ್ಯಾದ ಬಿಡಿ ಮಾರುಕಟ್ಟೆಯಲ್ಲಿ ಎಲ್‌ಎನ್‌ಜಿ 2 ಡಾಲರ್‌ಗೂ ಕೆಳಗೆ ಬಿದ್ದಿತ್ತು. ಮರುವರ್ಷ ಎಲ್ಲವೂ ತಿರುಗಿತು. 2020-21ರ ಚಳಿ ಉದ್ದವಾಗಿ, ಹಗೇವು ಬರಿದಾಯಿತು. ಕಾರ್ಖಾನೆಗಳು ಮತ್ತೆ ತೆರೆದವು. ಬೇಸಿಗೆಯಲ್ಲಿ ತುಂಬಿಕೊಳ್ಳಬೇಕಾದಷ್ಟು ಗ್ಯಾಸ್ ರಷ್ಯಾದಿಂದ ಬರಲಿಲ್ಲ. 2021ರ ಅಕ್ಟೋಬರ್ ಹೊತ್ತಿಗೆ ಬೆಲೆ ಮೂವತ್ತು ಡಾಲರ್ ದಾಟಿತು.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಮಾರ್ಚ್‌ನಲ್ಲಿ ಏಷ್ಯಾದ ಎಲ್‌ಎನ್‌ಜಿ ಬೆಲೆ 80 ಡಾಲರ್ ಮುಟ್ಟಿತು. ಜೂನ್‌ನಿಂದ ರಷ್ಯಾ ಜರ್ಮನಿಗೆ ಹೋಗುವ ನಾರ್ಡ್ ಸ್ಟ್ರೀಮ್ ಪೈಪಿನ ನಲ್ಲಿಯನ್ನು ಹಂತಹಂತವಾಗಿ ತಿರುವುತ್ತ ಬಂದು ಸೆಪ್ಟೆಂಬರ್‌ನಲ್ಲಿ ಪೂರ್ತಿ ನಿಲ್ಲಿಸಿತು. ಚಳಿಗಾಲಕ್ಕೆ ಮೊದಲು ಹಗೇವು ಶೇಕಡಾ 80 ತುಂಬಿರಬೇಕು ಎಂದು ಯೂರೋಪಿಯನ್ ಒಕ್ಕೂಟ ನಿಯಮ ಮಾಡಿತು. ಎಷ್ಟಾದರೂ ಸರಿ ಎಂದು ಕೊಂಡರು. ಆಗಸ್ಟ್ 26ರಂದು ಅಲ್ಲಿನ ಬೆಲೆ ಮೆಗಾವ್ಯಾಟ್ ಗಂಟೆಗೆ ಸುಮಾರು 340 ಯೂರೋ. ನಮ್ಮ ಲೆಕ್ಕಕ್ಕೆ ತಂದರೆ ಹೆಚ್ಚುಕಮ್ಮಿ 100 ಡಾಲರ್. ಚಳಿಗಾಲದ ಬಿಕ್ಕಟ್ಟು ಎನ್ನುತ್ತೇವೆ, ಆದರೆ ಬೆಲೆ ನೆತ್ತಿಗೇರಿದ್ದು ಚಳಿ ಬರುವ ಮೊದಲೇ.

ಸಮುದ್ರದ ಮೇಲಿನ ಎಲ್‌ಎನ್‌ಜಿ ಹಡಗು ನಮ್ಮೂರ ಟೊಮೆಟೊ ಲಾರಿ ಇದ್ದ ಹಾಗೆ. ಕೋಲಾರದಲ್ಲಿ ರೇಟ್ ಬಿದ್ದು ಚೆನ್ನೈಯಲ್ಲಿ ಏರಿದರೆ ಲಾರಿ ಚೆನ್ನೈಗೆ ತಿರುಗುತ್ತದೆ. ಏಷ್ಯಾದ ಕಡೆ ಬರಬೇಕಾದ ಹಡಗುಗಳು ಯೂರೋಪಿನತ್ತ ತಿರುಗಿದವು. ಪಾಕಿಸ್ತಾನ 2022ರ ಜುಲೈಯಲ್ಲಿ ಟೆಂಡರ್ ಕರೆದರೆ ಒಬ್ಬ ಮಾರಾಟಗಾರನೂ ಬರಲಿಲ್ಲ. ಬಾಂಗ್ಲಾದೇಶ ಬಿಡಿ ಮಾರುಕಟ್ಟೆಯಲ್ಲಿ ಕೊಳ್ಳುವುದನ್ನೇ ನಿಲ್ಲಿಸಿ ಪವರ್ ಕಟ್ ಜಾರಿಗೆ ತಂದಿತು.

ಭಾರತಕ್ಕೂ ಏಟು ಬಿತ್ತು. ಗೇಲ್ 2012ರಲ್ಲೇ ರಷ್ಯಾದ ಗಾಜ್‌ಪ್ರೋಮ್‌ನ ಅಂಗಸಂಸ್ಥೆಯೊಂದರ ಜೊತೆ ವರ್ಷಕ್ಕೆ 25 ಲಕ್ಷ ಟನ್ ಎಲ್‌ಎನ್‌ಜಿಗೆ ದೀರ್ಘ ಒಪ್ಪಂದ ಮಾಡಿಕೊಂಡಿತ್ತು. ಯುದ್ಧ ಶುರುವಾದ ಮೇಲೆ ಆ ಸಂಸ್ಥೆಯ ಮಾತೃಸಂಸ್ಥೆಯನ್ನು ಜರ್ಮನಿ ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಗೇಲ್‌ಗೆ ಬರಬೇಕಾದ ಹಡಗುಗಳು 2022ರ ಮಧ್ಯದಿಂದ ತಪ್ಪತೊಡಗಿದವು. ಗೇಲ್ ತನ್ನ ಗಿರಾಕಿಗಳಿಗೆ ಗ್ಯಾಸನ್ನು ಅಳೆದು ತೂಗಿ ಕೊಡಬೇಕಾಯಿತು. ವ್ಯಾಜ್ಯ ನಡೆದು, ಕೊನೆಗೆ 28.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಆ ಹಣ ಬಂದದ್ದು ಬಿಕ್ಕಟ್ಟು ಮುಗಿದ ಮೇಲೆ.

ನಮ್ಮದೇ ಗ್ಯಾಸ್, ಅವರ ಬೆಲೆ

ಹೊರಗಿನ ಗ್ಯಾಸ್ ದುಬಾರಿಯಾದದ್ದು ಸರಿ, ಮುಂಬೈ ಕಡಲಿನಲ್ಲಿ ನಮ್ಮದೇ ಒಎನ್‌ಜಿಸಿ ತೆಗೆಯುವ ಗ್ಯಾಸ್ ಯಾಕೆ ದುಬಾರಿಯಾಯಿತು?

ಇದಕ್ಕೆ ಉತ್ತರ 2014ರ ಒಂದು ಸೂತ್ರದಲ್ಲಿದೆ. ದೇಶದೊಳಗಿನ ಗ್ಯಾಸಿಗೆ ಆರು ತಿಂಗಳಿಗೊಮ್ಮೆ ಬೆಲೆ ನಿಗದಿ ಮಾಡಲು ಕೇಂದ್ರ ಸರ್ಕಾರ ನಾಲ್ಕು ಕಡೆಯ ದರ ತೆಗೆದುಕೊಳ್ಳುತ್ತಿತ್ತು: ಅಮೆರಿಕ, ಕೆನಡಾ, ಬ್ರಿಟನ್, ರಷ್ಯಾ. ಹಿಂದಿನ ಒಂದು ವರ್ಷದ ಸರಾಸರಿ ತೆಗೆದು, ಮೂರು ತಿಂಗಳು ಬಿಟ್ಟು ಜಾರಿ ಮಾಡುತ್ತಿದ್ದರು. ಅಗ್ಗದ ಕಾಲದಲ್ಲಿ ಇದು ಒಎನ್‌ಜಿಸಿಗೆ ನಷ್ಟ ತಂದಿತ್ತು. 2020ರ ಅಕ್ಟೋಬರ್‌ನಲ್ಲಿ ಬೆಲೆ ಬರೀ 1.79 ಡಾಲರ್.

ಆಮೇಲೆ ಏರಿದ ಪರಿ ನೋಡಿ. 2021ರ ಅಕ್ಟೋಬರ್‌ನಲ್ಲಿ 2.90. 2022ರ ಏಪ್ರಿಲ್‌ನಲ್ಲಿ 6.10. ಅದೇ ಅಕ್ಟೋಬರ್‌ನಲ್ಲಿ 8.57. ಎರಡು ವರ್ಷದಲ್ಲಿ ಸುಮಾರು ಐದು ಪಟ್ಟು. ಬಾವಿ ಅದೇ, ಪೈಪ್ ಅದೇ, ತೆಗೆಯುವ ಕೂಲಿಯೂ ಹೆಚ್ಚುಕಮ್ಮಿ ಅದೇ. ಬದಲಾದದ್ದು ಸೂತ್ರದೊಳಗೆ ಕೂತಿದ್ದ ಪರದೇಶದ ದರ.

ಯಶವಂತಪುರ, ಆರ್.ಟಿ. ನಗರ, ಹೆಬ್ಬಾಳದ ಕಡೆ ಸಿಎನ್‌ಜಿ ಆಟೋ ಓಡಿಸುವ ನಮ್ಮೂರ ಹುಡುಗರ ಜೇಬಿಗೆ ಇದು ನೇರವಾಗಿ ತಾಗಿತು. ಯಾಕೆಂದರೆ ಸಿಎನ್‌ಜಿಗೂ ಮನೆಯ ಪೈಪ್ ಗ್ಯಾಸಿಗೂ ಮೊದಲು ಸಿಗುವುದು ಈ ದೇಶೀ ಗ್ಯಾಸ್. ಪೆಟ್ರೋಲಿಗಿಂತ ಅಗ್ಗ ಎಂದು ಸಾಲ ಮಾಡಿ ಗಾಡಿ ಕೊಂಡವರಿಗೆ ಆ ಅಂತರ ಕಣ್ಣೆದುರೇ ಕರಗಿತು.

ಕೇಂದ್ರ ಸರ್ಕಾರ ಅರ್ಥಶಾಸ್ತ್ರಜ್ಞ ಕಿರೀಟ್ ಪಾರಿಖ್ ನೇತೃತ್ವದಲ್ಲಿ ಸಮಿತಿ ಮಾಡಿತು. 2023ರ ಏಪ್ರಿಲ್ 6ರಂದು ಸಂಪುಟ ಹಳೆಯ ಸೂತ್ರ ಕೈಬಿಟ್ಟಿತು. ಹೊಸ ಲೆಕ್ಕದಲ್ಲಿ ಕಚ್ಚಾ ತೈಲದ ಬೆಲೆಯ ಶೇಕಡಾ 10. ಆಗ ಇಟ್ಟ ಮಿತಿ ಕೆಳಗೆ 4 ಡಾಲರ್, ಮೇಲೆ 6.5 ಡಾಲರ್. ಬೆಂಗಳೂರಿನಲ್ಲಿ ಸಿಎನ್‌ಜಿ ಕೆಜಿಗೆ ಆರೇಳು ರೂಪಾಯಿ ಇಳಿಯಿತು. ಸೂತ್ರ ಬದಲಿಸಿದರೆ ಬೆಲೆ ಇಳಿಯುತ್ತದೆ ಎಂದರೆ, ಏರಿದ್ದೂ ಸೂತ್ರದಿಂದಲೇ. ಅದನ್ನು ಬರೆದದ್ದು ಯೂರೋಪಿನ ಚಳಿಯಲ್ಲ, ದೆಹಲಿಯ ಕಚೇರಿ.

ಅಡುಗೆ ಸಿಲಿಂಡರ್‌ಗೆ ಈ ಮಿತಿ ಅನ್ವಯವಾಗಲಿಲ್ಲ. ನಮ್ಮ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದರ ಬೆಲೆಗೆ ಸೌದಿ ಅರೇಬಿಯಾದ ದರ ಅಳತೆಗೋಲು. ಬೆಂಗಳೂರಿನಲ್ಲಿ 14.2 ಕೆಜಿ ಸಿಲಿಂಡರ್ 2022ರ ಜುಲೈಯಲ್ಲಿ 1,055.50 ರೂಪಾಯಿ, 2023ರ ಮಾರ್ಚ್‌ನಲ್ಲಿ 1,105.50 ಆಯಿತು. ಆಗಸ್ಟ್ ಕೊನೆಗೆ 200 ರೂಪಾಯಿ ಇಳಿಸಿದರು, 2024ರ ಮಾರ್ಚ್‌ನಲ್ಲಿ ಇನ್ನೂ 100. ಸಾವಿರ ದಾಟಿದ್ದ ಆ ದಿನಗಳಲ್ಲಿ ಹಳ್ಳಿಯಲ್ಲಿ ಒಲೆ ಮತ್ತೆ ಹೊಗೆಯಾಡಿದ್ದನ್ನು ನಾವೂ ನೀವೂ ಕಂಡಿದ್ದೇವೆ.

ಒಂದು ಯೂನಿಟ್‌ನ ಲೆಕ್ಕ

ಯಲಹಂಕಕ್ಕೆ ಮರಳೋಣ. ಬಿಎಚ್‌ಇಎಲ್ ಕಟ್ಟಿದ ಈ ಸ್ಥಾವರದಲ್ಲಿ ಎರಡು ಹಂತ. ಮೊದಲು ಗ್ಯಾಸ್ ಉರಿದು ಒಂದು ಟರ್ಬೈನ್ ತಿರುಗುತ್ತದೆ, ಅದರಿಂದ ಸುಮಾರು 237 ಮೆಗಾವ್ಯಾಟ್. ಹೊರಬರುವ ಬಿಸಿ ಹೊಗೆಯಿಂದ ನೀರು ಕುದಿಸಿ ಆವಿಯಿಂದ ಎರಡನೇ ಟರ್ಬೈನ್, ಅದರಿಂದ ಸುಮಾರು 133. ಒಂದೇ ಬೆಂಕಿಯಲ್ಲಿ ಅನ್ನ ಬೇಯಿಸಿ, ಅದೇ ಕೆಂಡದಲ್ಲಿ ಸಾರು ಕುದಿಸಿದಂತೆ. ಹೀಗಾಗಿ ಶಾಖದ ಅರ್ಧದಷ್ಟು ಕರೆಂಟ್ ಆಗುತ್ತದೆ.

ಒಂದು ಎಂಎಂಬಿಟಿಯು ಶಾಖದಿಂದ ಹೆಚ್ಚೆಂದರೆ 145ರಿಂದ 150 ಯೂನಿಟ್ ಸಿಗುತ್ತದೆ ಎಂದುಕೊಳ್ಳಿ. ಡಾಲರ್‌ಗೆ 80 ರೂಪಾಯಿ ಹಿಡಿಯೋಣ. ಬರೀ ಗ್ಯಾಸಿನ ಖರ್ಚು ಹೀಗೆ ಬರುತ್ತದೆ:

ಗ್ಯಾಸ್ 5 ಡಾಲರ್ ಇದ್ದರೆ ಯೂನಿಟ್‌ಗೆ ಎರಡೂಮುಕ್ಕಾಲು ರೂಪಾಯಿ.
10 ಡಾಲರ್ ಆದರೆ ಐದೂವರೆ ರೂಪಾಯಿ.
30 ಡಾಲರ್ ಆದರೆ ಹದಿನಾರು ರೂಪಾಯಿ.
80 ಡಾಲರ್ ಆದರೆ ನಲವತ್ತಮೂರು ರೂಪಾಯಿ ದಾಟುತ್ತದೆ.

ಇದರ ಮೇಲೆ ಪೈಪ್ ಬಾಡಿಗೆ, ತೆರಿಗೆ, ಸಾಲದ ಬಡ್ಡಿ, ಸಿಬ್ಬಂದಿ ಸಂಬಳ ಸೇರುತ್ತವೆ. ಈ ಲೆಕ್ಕ ನೋಡಿದರೆ ದೇಶದ ಗ್ಯಾಸ್ ಸ್ಥಾವರಗಳು ಯಾಕೆ ಬಾಗಿಲು ಹಾಕಿ ಕೂತವು ಎಂದು ಬೇರೆ ಹೇಳಬೇಕಿಲ್ಲ.

ಯಲಹಂಕದ್ದು ಇನ್ನೊಂದು ಬಗೆಯ ವಿಳಂಬ. 2020ರ ಅಕ್ಟೋಬರ್ 2ರ ನಸುಕಿನಲ್ಲಿ, ಪರೀಕ್ಷಾರ್ಥ ಹಂತದಲ್ಲಿದ್ದ ಸ್ಥಾವರದಲ್ಲಿ ಬೆಂಕಿ ಹೊತ್ತಿ ಹದಿನೈದು ಮಂದಿ ಗಾಯಗೊಂಡರು. ದುರಸ್ತಿ ಎಳೆಯಿತು. ಜಗತ್ತಿನಲ್ಲಿ ಗ್ಯಾಸ್ ಅತಿ ದುಬಾರಿಯಾಗಿದ್ದ ಎರಡು ಚಳಿಗಾಲಗಳೂ ಹಾಗೇ ಕಳೆದವು. ಕೊನೆಗೆ 2024ರ ಸೆಪ್ಟೆಂಬರ್ 24ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಉದ್ಘಾಟಿಸಿದರು.

ನಡುವೆ 2023 ಬಂದು ಹೋಗಿತ್ತು. ಆ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಅಣೆಕಟ್ಟಿನಲ್ಲಿ ನೀರಿಲ್ಲ, ಬೋರ್‌ವೆಲ್ ಮೋಟಾರ್ ನಿಲ್ಲಿಸುವ ಹಾಗಿಲ್ಲ. ಪಂಪ್‌ಸೆಟ್‌ಗೆ ಏಳು ಗಂಟೆಯ ತ್ರೀಫೇಸ್ ಐದು ಗಂಟೆಗೆ ಇಳಿಯಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟ್ ತರಿಸಬೇಕಾಯಿತು. ಸಂಜೆ ಸೂರ್ಯ ಮುಳುಗಿ ಸೋಲಾರ್ ನಿಂತಾಗ ಬೇಗನೆ ಶುರುವಾಗಬಲ್ಲದ್ದು ಗ್ಯಾಸ್ ಟರ್ಬೈನ್. ಅದು ಬೇಕಿದ್ದ ವರ್ಷದಲ್ಲಿ ಯಲಹಂಕ ಸಿದ್ಧವಿರಲಿಲ್ಲ.

ಓಡದಿದ್ದರೂ ಬಾಡಿಗೆ

ನಮ್ಮ ಓದುಗರು ತಿಳಿದಿರಬೇಕಾದ ಇನ್ನೊಂದು ವಿಷಯ ಉಳಿದಿದೆ. ವಿದ್ಯುತ್ ಸ್ಥಾವರಕ್ಕೆ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂನಂಥ ಕಂಪನಿಗಳು ಕೊಡುವ ಹಣದಲ್ಲಿ ಎರಡು ಭಾಗ. ಒಂದು ಸ್ಥಿರ ವೆಚ್ಚ. ಸ್ಥಾವರ ಕಟ್ಟಿದ ಸಾಲ, ಬಡ್ಡಿ, ನಿರ್ವಹಣೆ ಇದರಲ್ಲಿ ಬರುತ್ತವೆ. ಇನ್ನೊಂದು ಇಂಧನ ವೆಚ್ಚ. ಸ್ಥಾವರ ಓಡಲು ಸಿದ್ಧವಿದ್ದು, ಇಂಧನ ದುಬಾರಿ ಎಂದು ನಾವೇ ಓಡಿಸದಿದ್ದರೂ ಮೊದಲನೆಯದನ್ನು ಕೊಡಬೇಕು. ಟ್ರ್ಯಾಕ್ಟರ್ ಕೊಂಡವರಿಗೆ ಗೊತ್ತು: ಡೀಸೆಲ್ ದುಬಾರಿ ಎಂದು ಗಾಡಿ ನಿಲ್ಲಿಸಬಹುದು, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಓಡಿಸಿದರೆ ಇಂಧನದ ಏರಿಕೆ ನಮ್ಮ ಬಿಲ್ಲಿನಲ್ಲಿ ‘ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ’ ಎಂಬ ಸಾಲಿನಲ್ಲಿ ಬಂದು ಕೂರುತ್ತದೆ.

ಪಂಪ್‌ಸೆಟ್ ಕರೆಂಟ್ ಉಚಿತ, ನಮಗೇನು ಎನ್ನುವಂತಿಲ್ಲ. ಉಚಿತದ ಹಣವನ್ನು ಸರ್ಕಾರ ವಿದ್ಯುತ್ ಕಂಪನಿಗಳಿಗೆ ಬಜೆಟ್‌ನಿಂದ ತುಂಬಬೇಕು. ಕರೆಂಟ್ ದುಬಾರಿಯಾದಷ್ಟೂ ಆ ಬಾಕಿ ಬೆಳೆಯುತ್ತದೆ.

ಗ್ಯಾಸ್ ಸ್ಥಾವರ ಬೇಡವೇ ಬೇಡ ಎನ್ನುವುದು ನಮ್ಮ ವಾದವಲ್ಲ. ಕಲ್ಲಿದ್ದಲಿಗಿಂತ ಅದರ ಹೊಗೆ ಕಡಿಮೆ, ಬೂದಿ ಇಲ್ಲ. ಸಂಜೆಯ ಹೊತ್ತಿನ ಕೊರತೆಗೆ ಉಪಯೋಗವೂ ಇದೆ. ಆದರೆ ಯಲಹಂಕದ ಡೀಸೆಲ್, ತಣ್ಣೀರುಬಾವಿಯ ನಾಫ್ತಾ, ಈಗಿನ ಗ್ಯಾಸ್, ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಕಾಣುತ್ತದೆ. ಮೂರು ಸಲವೂ ಯಂತ್ರ ಮೊದಲು ಬಂತು, ಅದಕ್ಕೆ ಮೇವು ಎಲ್ಲಿಂದ, ಯಾವ ಬೆಲೆಗೆ ಎಂಬ ಪ್ರಶ್ನೆ ಆಮೇಲೆ ಬಂತು. ಮೇವಿನ ಬೆಲೆ ಮೂರು ಸಲವೂ ನಮ್ಮ ಕೈಯಲ್ಲಿರಲಿಲ್ಲ.

ಹಗೇವಿನ ಮಾತೂ ಅಷ್ಟೆ. ಮಂಗಳೂರಿನಲ್ಲಿ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಕಚ್ಚಾ ತೈಲ ಸಂಗ್ರಹಿಸುವ ಗುಹೆಗಳನ್ನು ಮಾಡಿದ್ದಾರೆ. ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್. ನೈಸರ್ಗಿಕ ಅನಿಲಕ್ಕೆ ಯೂರೋಪಿನವರಲ್ಲಿ ಇರುವಂಥ ಸಂಗ್ರಹ ನಮ್ಮ ದೇಶದಲ್ಲಿಲ್ಲ. ಬೆಲೆ ಬಿದ್ದಾಗ ಕೊಂಡು ತುಂಬಿಡಲು ಜಾಗವಿಲ್ಲದವರು, ಏರಿದಾಗ ಕೇಳಿದಷ್ಟು ಕೊಟ್ಟು ಕೊಳ್ಳಬೇಕು, ಇಲ್ಲವೇ ಸುಮ್ಮನಿರಬೇಕು.

ವಿದ್ಯುತ್ ದರ ಏರಿಸುವ ಮೊದಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಬೆಂಗಳೂರಿನಲ್ಲಿ ಮಾತ್ರವಲ್ಲ, ಹುಬ್ಬಳ್ಳಿ, ಮೈಸೂರು, ಕಲಬುರಗಿ, ಮಂಗಳೂರಿನ ವಿದ್ಯುತ್ ಕಂಪನಿಗಳ ಅರ್ಜಿಗಳ ಮೇಲೂ ನಡೆಯುತ್ತದೆ. ಯಾವ ಗ್ರಾಹಕರಾದರೂ ಆಕ್ಷೇಪಣೆ ಬರೆದು ಕಳಿಸಬಹುದು, ಹೋಗಿ ಮಾತಾಡಬಹುದು. ಮುಂದಿನ ಸಲ ಹೋದಾಗ ಮೂರು ಪ್ರಶ್ನೆ ಕೇಳಿ. ಯಲಹಂಕದ ಗ್ಯಾಸಿಗೆ ದೀರ್ಘ ಒಪ್ಪಂದ ಎಷ್ಟಿದೆ, ಬಿಡಿ ಖರೀದಿ ಎಷ್ಟು? ಕಳೆದ ವರ್ಷ ಅದು ಎಷ್ಟು ದಿನ ಓಡಿತು? ಓಡದ ದಿನಗಳಿಗೆ ನಾವು ಕೊಟ್ಟದ್ದೆಷ್ಟು? ಉತ್ತರ ಲಿಖಿತವಾಗಿ ಕೇಳಿ. ಪೈಪ್ ನಿಮ್ಮ ಹೊಲದ ಅಡಿಯಲ್ಲಿ ಹೋಗಿದ್ದರೆ ಅದನ್ನೂ ಆ ಅರ್ಜಿಯಲ್ಲಿ ಬರೆಯಿರಿ.